ತೊಗರಿ ಜೀನೂ ಕಾಕಾನ ಪ್ರಶ್ನೆನೂ

ನಮ್ಮ ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಾಗ ಎಲ್ಲಾರೂ ಸ್ಟೇಟಸ್ ಹಾಕಿದ್ವಿ. ಅದಕ್ಕಿಂತ ಏಳೆಂಟು ವರ್ಷ ಮೊದಲೇ, 2011ರಾಗ, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ನೇತೃತ್ವದ ತಂಡ 'ಆಶಾ' ಅನ್ನೋ ತೊಗರಿ ತಳಿಯ ಜೀನೋಮ್ (ಅದರ ಡಿಎನ್‌ಎ ಬರಹ) ಓದಿ 48,680 ಜೀನ್ ಅಂದಾಜು ಮಾಡಿತ್ತು. ಆ ಸುದ್ದಿ ನಮ್ಮೂರ ಕಟ್ಟಿತನಕ ಬರಲೇ ಇಲ್ಲ ನೋಡ್ರಿ.

ನನಗ ಅದಕ್ಕಿಂತ ಹಿಡಿಸಿದ್ದು 2017ರ ಕೆಲಸ. ಅದೇ ಆಶಾ ಗಿಡದ್ದು ಮೊಳಕೆಯಿಂದ ಮುಪ್ಪಿನತನಕ 30 ಅಂಗಾಂಶ ತಗೊಂಡು, ಎಲ್ಲಿ ಯಾವ ಜೀನ್ ಚಾಲೂ, ಯಾವುದು ಬಂದ್ ಅಂತ ನಕ್ಷೆ ಮಾಡ್ಯಾರ. ಬೇರಿನಾಗೂ ಹೂವಿನಾಗೂ ಇರೋ ಡಿಎನ್‌ಎ ಒಂದೇ. ಆದ್ರೂ ಇದು ಬೇರಾಗ್ತದ, ಅದು ಹೂವಾಗ್ತದ. ಎಲ್ಲಾ ಈ ಚಾಲೂ-ಬಂದ್ ಆಟ. ಕಾಲೇಜಿನಾಗ 'ಜೀನ್ ಅಭಿವ್ಯಕ್ತಿ' ಅಂತ ಬಾಯಿಪಾಠ ಮಾಡಿದ್ದು ಇದನ್ನೇ!

ಕಾಕಾಗ ಹೇಳಿದೆ. "ಗಿಡ ಒಣಗಿಸೋ ನೆಟೆ ರೋಗಕ್ಕ ಅದನ್ನ ತಡಕೊಳ್ಳೋ ಟಿಎಸ್-3ಆರ್ ತಳಿ ಅದ, ಬಿಡು. ಮೋಡ ಕವಿದ್ರ ಹೂವು ಉದುರ್ತಾವಲ್ಲ, ಆ ಜೀನ್ ಯಾವುದು ಕೇಳು" ಅಂದ.

ಪ್ರಶ್ನೆ ಬರೋಬ್ಬರಿ ಅದ. ಆ ನಕ್ಷೆ ಮಾಡಿದವ್ರೂ ಪರಾಗದ ಫಲವತ್ತತೆ, ಕಾಳು ಕಟ್ಟೋದಕ್ಕ ಸಂಬಂಧಪಟ್ಟ ಜೀನ್‌ಗಳನ್ನೇ ಹುಡುಕ್ಯಾರ.