ಬಂದವರನ್ನು ಕರೆದುಕೊಂಡು ಹೊರಡುವ ಕಥೆ: ನಮ್ಮ ಮುಕ್ತ ಮೇಜಿನ ಪ್ರಗತಿ

ಗೆಳೆಯರೆಲ್ಲ ಒಂದು ಮೇಜಿನ ಸುತ್ತ ಕುಳಿತು, ಒಬ್ಬರು ಸೂತ್ರಧಾರರಾಗಿ ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳನ್ನು ಈಗಲೂ ಯಾರಾದರೂ ಆಡುತ್ತಾರೆಯೇ? ಆಡುತ್ತಾರೆ. ಆಡಬೇಕೆಂಬ ಆಸೆ ಇಟ್ಟುಕೊಂಡವರು ಇನ್ನೂ ಹೆಚ್ಚು. ಸಿಗದಿರುವುದು ಎಲ್ಲರಿಗೂ ಒಟ್ಟಿಗೆ ಬಿಡುವಿರುವ ಒಂದು ಸಂಜೆ ಮಾತ್ರ. ನಮ್ಮ ಹಳೆಯ ಗುಂಪು ನಿಂತುಹೋದದ್ದೂ ಹಾಗೆಯೇ. ಯಾರಿಗೂ ಆಟ ಬೇಸರ ಬಂದಿರಲಿಲ್ಲ. ಒಬ್ಬರಿಗೆ ರಾತ್ರಿ ಪಾಳಿ ಬಂತು, ಒಬ್ಬರ ಮನೆಗೆ ಮಗು ಬಂತು, ಒಬ್ಬನಿಗೆ ದೂರದೂರಿಗೆ ವರ್ಗವಾಯಿತು. ಯಾರಾದರೂ ಬಾರದಿದ್ದರೆ ಕೂಟವನ್ನು ಮುಂದೂಡುತ್ತಿದ್ದೆವು. ಹಾಗೆ ಮುಂದೂಡುತ್ತ ಹೋದಂತೆ ಕಥೆ ಎಲ್ಲಿ ನಿಂತಿತ್ತೆಂಬುದೇ ಮರೆಯುತ್ತಿತ್ತು.

ಈ ಬಾರಿ ಕೈಗೆತ್ತಿಕೊಂಡಿರುವುದು ಯಾರು ಬಂದರೂ ನಡೆಯುವ, ಯಾರು ಬಾರದಿದ್ದರೂ ಮುರಿಯದ ಒಂದು ಕಥಾಲೋಕ. ಇದನ್ನೇ ಮುಕ್ತ ಮೇಜು ಎನ್ನುತ್ತಿದ್ದೇನೆ. ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಡಿಪಾಯ

ಈ ಕ್ರಮ ಹೊಸದೇನಲ್ಲ. ಬೆನ್ ರಾಬಿನ್ಸ್ ಎಂಬ ಆಟ ವಿನ್ಯಾಸಕ ತಾನು ನಡೆಸಿದ ವೆಸ್ಟ್ ಮಾರ್ಚಸ್ ಎಂಬ ಆಟದ ಬಗ್ಗೆ 2007ರಲ್ಲಿ ಬರೆದ. ಅದರಲ್ಲಿ ನಿಗದಿತ ದಿನವಿಲ್ಲ, ನಿಗದಿತ ತಂಡವಿಲ್ಲ, ಮೊದಲೇ ಹೆಣೆದಿಟ್ಟ ಕಥೆಯೂ ಇಲ್ಲ. ಯಾವಾಗ ಸೇರಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಆಟಗಾರರೇ ತೀರ್ಮಾನಿಸುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೊದಲ ಕಿರುಹೊತ್ತಿಗೆಯಲ್ಲಿಯೇ ಒಂದು ಆಟದಲ್ಲಿ ನಾಲ್ಕರಿಂದ ಐವತ್ತು ಆಟಗಾರರಿರಬಹುದು ಎಂದಿದೆ. ಐವತ್ತು ಮಂದಿ ಒಂದೇ ಮೇಜಿಗೆ ಕುಳಿತುಕೊಳ್ಳುವ ಮಾತು ಇದಾಗಿರಲಾರದು. ಬೇರೆ ಬೇರೆ ದಿನ ಬೇರೆ ಬೇರೆ ಜನ ಬಂದು ಒಂದೇ ಲೋಕದಲ್ಲಿ ಓಡಾಡಬಹುದು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಆ ಸಾಲು ನನಗೆ ಬಹಳ ಧೈರ್ಯ ಕೊಟ್ಟಿತು.

ಷಡ್ಭುಜ ಮನೆಗಳ ಹಾಳೆಯ ಮೇಲೆ ನಕ್ಷೆ ಬರೆದೆ. ನಡುವೆ ಒಂದು ಊರು, ಪಕ್ಕದಲ್ಲಿ ನದಿ, ಆಚೆ ದಡದಲ್ಲಿ ಬಿಟ್ಟುಹೋದ ಉಪ್ಪಿನ ಗಣಿಗಳು. ಊರಿನಿಂದ ದೂರ ಹೋದಷ್ಟೂ ಅಪಾಯ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಒಂದೇ: ಪ್ರತಿ ಕೂಟವೂ ಊರಿನಲ್ಲಿ ಆರಂಭವಾಗಿ ಊರಿನಲ್ಲಿಯೇ ಮುಗಿಯಬೇಕು. ಗುಹೆಯ ನಡುವೆ ಆಟ ನಿಲ್ಲಿಸಿದರೆ ಮುಂದಿನ ಸಲ ಅದೇ ಜನ ಬರಲೇಬೇಕಾಗುತ್ತದೆ. ಎಲ್ಲರೂ ಊರಿಗೆ ಮರಳಿದ್ದರೆ ಯಾರು ಬೇಕಾದರೂ ಹೊರಡಬಹುದು.

ನಿಯಮಗಳು

ಇಲ್ಲಿ ಬಹಳ ಹೊತ್ತು ಕಳೆದೆ, ಕಳೆದದ್ದು ಸಾರ್ಥಕವೂ ಆಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಒಳ್ಳೆಯ ಆಟ, ನನಗೆ ಪ್ರೀತಿಯದೂ ಹೌದು. ಆದರೆ ಹೊಸಬರು ಬಂದ ಸಂಜೆ ಪಾತ್ರ ರೂಪಿಸುವುದರಲ್ಲಿಯೇ ಅರ್ಧ ಹೊತ್ತು ಹೋಗುತ್ತದೆ. ಮುಕ್ತ ಮೇಜಿಗೆ ಬಂದವರು ಬೇಗನೆ ಆಟಕ್ಕೆ ಇಳಿಯುವಂತಿರಬೇಕು.

ಆದ್ದರಿಂದ ಎರಡು ಸಾಮಾನ್ಯ ಆರು ಮುಖದ ದಾಳಗಳ ಪದ್ಧತಿಯನ್ನು ಆರಿಸಿದೆ. 2010ರ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದಿಂದ ಹರಡಿದ ಕ್ರಮ ಇದು. ಮೊತ್ತ ಹತ್ತು ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು. ಏಳರಿಂದ ಒಂಬತ್ತು ಬಂದರೆ ಕೆಲಸ ಆಗುತ್ತದೆ, ಜೊತೆಗೆ ಏನಾದರೂ ತೆರಬೇಕಾಗುತ್ತದೆ. ಆರು ಅಥವಾ ಕಡಿಮೆಯಾದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಎರಡು ದಾಳಗಳು ಬೀಳುವ ಬಗೆಗಳು ಒಟ್ಟು 36. ಅವುಗಳಲ್ಲಿ 15 ಸೋಲಿನವು, 15 ಬೆಲೆ ತೆತ್ತು ಗೆಲ್ಲುವಂಥವು, 6 ಪೂರ್ಣ ಗೆಲುವಿನವು. ಪಾತ್ರದ ಸಾಮರ್ಥ್ಯಕ್ಕೆ ಒಂದು ಅಂಕ ಸೇರಿಸಿದರೆ ಸೋಲು 10ಕ್ಕೆ ಇಳಿಯುತ್ತದೆ, ಪೂರ್ಣ ಗೆಲುವು 10ಕ್ಕೆ ಏರುತ್ತದೆ, ನಡುವಿನದು 16 ಆಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಉರುಳಿಸುವ ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೂ ಸಮಾನವಾಗಿ ಶೇ. 5 ಅವಕಾಶವಿರುವುದರಿಂದ ಒಂದು ಅಂಕದ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಇಲ್ಲಿ ಒಂದೇ ಅಂಕ ಕೈಗೆ ಹತ್ತುತ್ತದೆ. ಅದಕ್ಕಿಂತ ಮಿಗಿಲಾಗಿ, ಆ ನಡುವಿನ ಫಲ ಕಥೆಯನ್ನು ನಿಲ್ಲಗೊಡುವುದಿಲ್ಲ.

ಮೊದಲು ಒಂದು ಮಾತುಕತೆ

ಆಟ ಶುರುವಾಗುವ ಮುನ್ನ ಸುಮ್ಮನೆ ಕುಳಿತು ಮಾತನಾಡುವ ಕೂಟವನ್ನು ಆಟಗಾರರು ಸೆಷನ್ ಝೀರೋ ಎನ್ನುತ್ತಾರೆ. ಕಥೆಯಲ್ಲಿ ಏನು ಬೇಕು, ಏನು ಬರಲೇಬಾರದು ಎಂದು ಗೊತ್ತುಮಾಡಿಕೊಂಡೆವು. ಜಾನ್ ಸ್ಟಾವ್ರೊಪೌಲೊಸ್ ರೂಪಿಸಿದ ಎಕ್ಸ್ ಕಾರ್ಡನ್ನೂ ಮೇಜಿನ ನಡುವೆ ಇಟ್ಟೆವು. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯವನ್ನು ಪ್ರಶ್ನೆಯಿಲ್ಲದೆ ಬಿಟ್ಟು ಮುಂದೆ ಹೋಗುವುದು. ಆಪ್ತ ಗೆಳೆಯರ ನಡುವೆಯೂ ಇದು ಅಗತ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಗೆಳೆತನವಿದ್ದಲ್ಲಿ ಬೇಡ ಎನ್ನಲು ಸಂಕೋಚ ಹೆಚ್ಚು.

ಇನ್ನೊಂದು ಅಳುಕೂ ಅಂದೇ ಹೊರಬಂತು. ವೃತ್ತಿಪರ ಕಂಠದಾನ ಕಲಾವಿದರು ಇಂಥ ಆಟವನ್ನು ಆಡಿ ತೋರಿಸುತ್ತ 2015ರಿಂದ ನಡೆಸುತ್ತಿರುವ ಕ್ರಿಟಿಕಲ್ ರೋಲ್ ಕಾರ್ಯಕ್ರಮವನ್ನು ನೋಡಿ ಆಟಕ್ಕೆ ಮನಸೋತ ಗೆಳತಿಯೊಬ್ಬಳು, ಹಾಗೆ ದನಿ ಬದಲಿಸಿ ಮಾತನಾಡಲು ತನಗೆ ಬಾರದೆಂದು ಹಿಂಜರಿದಳು. ದನಿ ಬದಲಿಸಬೇಕಾಗಿಯೇ ಇಲ್ಲ. “ನಾನು ಬಾಗಿಲಿಗೆ ಕಿವಿಗೊಡುತ್ತೇನೆ” ಎಂದರೆ ಸಾಕು, ಆಟ ನಡೆಯುತ್ತದೆ.

ಸೇತುವೆ

ಆಡಿದ ಕೂಟಗಳಲ್ಲಿ ಉಪ್ಪಿನ ಗಣಿಗೆ ಹೊರಟ ಸಂಜೆಯನ್ನು ಬಿಡಿಸಿ ಬರೆಯಬೇಕು. ಬಂದವರು ಮೂವರೇ. ಹಳೆಯ ಪದ್ಧತಿಯಾಗಿದ್ದರೆ ಕೂಟ ರದ್ದಾಗುತ್ತಿತ್ತು. ನದಿಯ ಮೇಲೆ ಕೊಳೆತ ಹಗ್ಗದ ಸೇತುವೆ. ನಕ್ಷೆಗಾರ್ತಿಯ ಪಾತ್ರ ವಹಿಸಿದ್ದ ಅದೇ ಗೆಳತಿ ಮೊದಲು ದಾಟುತ್ತೇನೆಂದು ದಾಳ ಎಸೆದಳು. ಬಂದದ್ದು ಎಂಟು. ದಾಟಬಹುದು, ಆದರೆ ಒಂದನ್ನು ಕಳೆದುಕೊಳ್ಳಬೇಕು: ಕೈಯಲ್ಲಿರುವ ದೀಪ, ಇಲ್ಲವೇ ಬೆನ್ನಿಗೆ ಕಟ್ಟಿದ ನಕ್ಷೆಗಳ ಸುರುಳಿ. ಅವಳು ಬಹಳ ಯೋಚಿಸಿ ನಕ್ಷೆಗಳನ್ನು ನೀರಿಗೆ ಬಿಟ್ಟಳು. “ದಾರಿ ನನ್ನ ತಲೆಯಲ್ಲಿದೆ, ಇವರಿಬ್ಬರಿಗೆ ಬೆಳಕು ಬೇಕು” ಎಂದಳು. ಮೇಜಿನಲ್ಲಿದ್ದ ಎಲ್ಲರೂ ಒಮ್ಮೆಲೇ ಮಾತನಾಡತೊಡಗಿದರು. ಆ ತೀರ್ಮಾನವನ್ನು ನಾನು ಬರೆದಿಟ್ಟಿರಲಿಲ್ಲ, ಬರೆದಿಡಲು ಸಾಧ್ಯವೂ ಇರಲಿಲ್ಲ. ಇಂಥ ಕ್ಷಣಕ್ಕಾಗಿಯೇ ನಾನು ಈ ಆಟವನ್ನು ನಡೆಸುವುದು.

ಬಾರದವರ ಪಾಲು

ಬಾರದವರಿಗೂ ಲೋಕ ತಮ್ಮದೆನ್ನಿಸುವಂತೆ ಮಾಡುವುದು ಅತಿ ಕಠಿಣ ಕೆಲಸ. ಎರಡು ಉಪಾಯಗಳು ಫಲ ಕೊಡುತ್ತಿವೆ. ಒಂದು, ಕೂಟದ ವರದಿಯನ್ನು ಆಟಗಾರರೇ ತಮ್ಮ ಪಾತ್ರದ ದನಿಯಲ್ಲಿ ಬರೆದು ಗುಂಪಿಗೆ ಕಳಿಸುತ್ತಾರೆ. ಹಾಗೆ ಬರೆದವರು ಅರೆಬರೆ ಹೇಳಿದ ಗುಟ್ಟುಗಳೇ ಉಳಿದವರನ್ನು ಮುಂದಿನ ಸಲ ಎಳೆದು ತರುತ್ತವೆ. ಇನ್ನೊಂದು, ಪ್ರಗತಿಯ ಗಡಿಯಾರ. ಕಾಗದದ ಮೇಲೆ ಆರು ಹೋಳುಗಳ ವೃತ್ತ ಬರೆದು “ನದಿ ಉಕ್ಕುತ್ತದೆ” ಎಂದು ಹೆಸರಿಟ್ಟೆ. ಪ್ರತಿ ಕೂಟದ ಕೊನೆಗೆ ಒಂದು ಹೋಳು ತುಂಬುತ್ತದೆ. ಯಾರು ಬಂದರೂ ಬಾರದಿದ್ದರೂ ಲೋಕ ಮುಂದೆ ಸಾಗುತ್ತಿರುತ್ತದೆ, ಗಡಿಯಾರದ ಚಿತ್ರ ಎಲ್ಲರ ಮೊಬೈಲಿನಲ್ಲೂ ಇರುತ್ತದೆ.

ದೂರದೂರಿನ ಗೆಳೆಯನಿಗಾಗಿ ಆನ್‌ಲೈನ್ ಮೇಜನ್ನೂ ಪರೀಕ್ಷಿಸಿದೆವು. 2012ರಿಂದ ಇರುವ ರೋಲ್20ರಂಥ ತಾಣಗಳಲ್ಲಿ ನಕ್ಷೆ, ದಾಳ ಎಲ್ಲವೂ ಸಿಗುತ್ತವೆ. ನಮಗೆ ಹಿಡಿಸಿದ್ದು ಮಾತ್ರ ಬರಿಯ ಧ್ವನಿಕರೆ. ಪರದೆಯ ಮೇಲೆ ನಕ್ಷೆಯಿದ್ದರೆ ಎಲ್ಲರ ಕಣ್ಣೂ ಅದರಲ್ಲಿಯೇ ನೆಟ್ಟಿರುತ್ತದೆ, ಮಾತು ಕಡಿಮೆಯಾಗುತ್ತದೆ. ಅವನು ತನ್ನ ದಾಳವನ್ನು ತಾನೇ ಉರುಳಿಸಿ ಅಂಕ ಹೇಳುತ್ತಾನೆ, ನಾವು ನಂಬುತ್ತೇವೆ.

ಸದ್ಯದ ಸ್ಥಿತಿ

ಊರು ಮತ್ತು ಗಣಿಗಳ ಭಾಗ ಸಿದ್ಧವಾಗಿದೆ. ನಕ್ಷೆಯಲ್ಲಿ ಉತ್ತರದ ಕಾಡಿನ ಷಡ್ಭುಜ ಮನೆಗಳು ಇನ್ನೂ ಖಾಲಿ. ಈ ನಡುವೆ ಗೆಳತಿ ತಾನೂ ಕಥೆ ನಡೆಸಬೇಕೆಂದು ಕೇಳಿದ್ದಾಳೆ. ಒಂದೇ ಲೋಕಕ್ಕೆ ಇಬ್ಬರು ಸೂತ್ರಧಾರರಾದರೆ ಯಾರೋ ಒಬ್ಬರು ದಣಿದಾಗಲೂ ಮೇಜು ಖಾಲಿ ಬೀಳುವುದಿಲ್ಲ. ನದಿಯ ಈಚೆಯದು ನನ್ನದು, ಆಚೆಯದು ಅವಳದು ಎಂದು ಹಂಚಿಕೊಂಡಿದ್ದೇವೆ. ನದಿ ಉಕ್ಕುವ ಗಡಿಯಾರದಲ್ಲಿ ಎರಡು ಹೋಳುಗಳು ಬಾಕಿ ಇವೆ. ಅದು ತುಂಬಿದರೆ ಸೇತುವೆ ಉಳಿಯುವುದಿಲ್ಲ. ಆಮೇಲೆ ಎರಡು ದಡಗಳ ನಡುವೆ ಜನ ಹೇಗೆ ಓಡಾಡಬೇಕೆಂಬ ನಿಯಮವನ್ನು ನಾವಿಬ್ಬರೂ ಸೇರಿ ಬರೆಯುತ್ತಿದ್ದೇವೆ.