ತಲೆ ಕತ್ತರಿಸುವ ಕ್ಯಾಮೆರಾ

ತೊಂಬತ್ತರ ದಶಕದಲ್ಲಿ ಅಪ್ಪ ದಾವಣಗೆರೆಯಿಂದ ಕುಕ್ಕರ್ ತಂದಾಗ ಅದರ ಜೊತೆ ಒಂದು ಕ್ಯಾಮೆರಾ ಪುಕ್ಕಟೆ ಬಂದಿತ್ತು. ಕುಕ್ಕರ್ ಯಾವತ್ತೋ ಗುಜರಿಗೆ ಹೋಯಿತು. ಕ್ಯಾಮೆರಾ ಮಾತ್ರ ಅಟ್ಟದಲ್ಲೇ ಉಳಿದಿತ್ತು, ಹೋದ ದೀಪಾವಳಿಗೆ ಕ್ಲೀನ್ ಮಾಡುವಾಗ ಸಿಕ್ಕಿತು.

ಪೂರ್ತಿ ಪ್ಲಾಸ್ಟಿಕ್. ಲೆನ್ಸ್ ಕೂಡ. ಆದರೂ ಕೈಗೆ ಭಾರ. ಯಾಕಿರಬಹುದು ಅಂತ ತಳದ ಸ್ಕ್ರೂ ಬಿಚ್ಚಿದರೆ ಒಳಗೊಂದು ಕಬ್ಬಿಣದ ಪಟ್ಟಿ! ಬೇರೆ ಯಾವ ಭಾಗಕ್ಕೂ ಅದು ತಾಗಿಲ್ಲ. ತೂಕ ಬರಲಿ ಅಂತ ಸುಮ್ನೆ ಅಂಟಿಸಿದ್ದಾರೆ.

1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಹೋಲ್ಗಾ ಅನ್ನುವ ಪ್ಲಾಸ್ಟಿಕ್ ಕ್ಯಾಮೆರಾವನ್ನು ಜನ ಈಗಲೂ ಹುಡುಕಿ ಕೊಳ್ಳುತ್ತಾರೆ. ಫೋಟೊದ ಮೂಲೆಗಳು ಕಪ್ಪಾಗುವುದೇ, ಎಲ್ಲಿಂದಲೋ ಬೆಳಕು ಸೋರುವುದೇ ಅವರಿಗೆ ಇಷ್ಟ. ನನ್ನದಕ್ಕೆ ಅಂಥ ಹೆಸರಿಲ್ಲ, ಗುಣ ಮಾತ್ರ ಅದೇ. ಫೋಕಸ್ ಅಂತೂ ಇದರಲ್ಲಿ ಇಲ್ಲವೇ ಇಲ್ಲ, ಶಟರ್‌ಗೆ ಒಂದೇ ವೇಗ. ಮೂವತ್ತಾರು ಫೋಟೊದ ರೀಲಿಗೆ ಸಾವಿರದ ಮೇಲೆ ಕೊಟ್ಟೆ. ಪುಕ್ಕಟೆ ಕ್ಯಾಮೆರಾಕ್ಕೆ!

ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ನಮ್ಮ ಚಿತ್ರದುರ್ಗದ ಕೋಟೆ ಹತ್ತಿದೆ. ಅಕ್ಕ ತಂಗಿ ಹೊಂಡ, ಹಿಡಿಂಬೇಶ್ವರ, ಉಯ್ಯಾಲೆ ಕಂಬ, ಎಲ್ಲ ಕಡೆ ಕ್ಲಿಕ್. ಅಮ್ಮ ಪ್ರತಿ ಸಲ ಸೆರಗು ಸರಿ ಮಾಡಿಕೊಂಡು ನಿಂತರು. ಓಬವ್ವನ ಕಿಂಡಿಯ ಹತ್ತಿರವೂ ಎರಡು ತೆಗೆದೆ.

ಊರಲ್ಲಿ ಈಗ ರೀಲು ತೊಳೆಯುವವರು ನನಗೆ ಸಿಗಲಿಲ್ಲ. ಬೆಂಗಳೂರಿಗೆ ಕೊರಿಯರ್ ಮಾಡಿ ಎರಡು ವಾರ ಕಾದೆ.

ಕಿಂಡಿಯ ಎರಡೂ ಫೋಟೊ ಕಪ್ಪು. ಒಬ್ಬೊಬ್ಬರೇ ತೂರಿ ಬರಬೇಕಾದ ಜಾಗ, ಬೆಳಕಿನ ಪಾಡೂ ಅಷ್ಟೇ ಅಲ್ವಾ. ಆದರೆ ಮಟಮಟ ಮಧ್ಯಾಹ್ನ ಬಂಡೆಗಳ ಮೇಲೆ ತೆಗೆದವು ಎಷ್ಟು ಚೆನ್ನಾಗಿವೆ ಗೊತ್ತಾ! ಕಲರ್ ನೆಗೆಟಿವ್ ಫಿಲ್ಮು ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ಕೈ ಎತ್ತುತ್ತದೆ. ನಮ್ಮ ದುರ್ಗದ ಬಿಸಿಲಿಗೂ ಇದಕ್ಕೂ ಹೇಳಿ ಮಾಡಿಸಿದ ಜೋಡಿ. ಮೊಬೈಲಿನಲ್ಲಿ ಅದೇ ಬಂಡೆ ತೊಳೆದಿಟ್ಟ ಹಾಗೆ ಕಾಣುತ್ತದೆ. ಇದರಲ್ಲಿ ಮಾತ್ರ ಕಾದ ಕಲ್ಲಿನ ಹಾಗೇ ಇದೆ, ಮುಟ್ಟಿದರೆ ಚುರ್ ಅನ್ನಬೇಕು.

ಕೊನೆಯ ನಾಲ್ಕು ನಾನೇ ಕೆಡಿಸಿದ್ದು. ರೀಲು ಹಿಂದಕ್ಕೆ ಸುತ್ತುವುದನ್ನು ಮರೆತು, ಬಿಸಿಲಲ್ಲೇ ಹಿಂಬದಿಯ ಮುಚ್ಚಳ ತೆಗೆದುಬಿಟ್ಟೆ. ತಕ್ಷಣ ಮುಚ್ಚಿದೆ, ಆದರೂ ಅವು ಹೋದವು. ಅದರ ಹಿಂದಿನವುಗಳ ಅಂಚಿನಲ್ಲಿ ಕೆಂಪು ಜ್ವಾಲೆ ಬಂದಿದೆ. ಫಿಲ್ಮಿನಲ್ಲಿ ಕೆಂಪು ಹಿಡಿಯುವ ಪದರ ಬೆನ್ನಿನ ಕಡೆ ಇರುತ್ತದೆ, ಹಿಂದಿನಿಂದ ನುಗ್ಗಿದ ಬೆಳಕು ಮೊದಲು ಅದನ್ನೇ ಸುಡುತ್ತದೆ.

ಅಮ್ಮನ ಫೋಟೊ? ಐದರಲ್ಲೂ ಹಣೆಯಿಂದ ಮೇಲೆ ಇಲ್ಲ. ನೋಡುವ ಕಿಟಕಿ ಮೇಲಿದೆ, ಲೆನ್ಸ್ ಕೆಳಗಿದೆ. ಹತ್ತಿರ ನಿಂತರೆ ನನ್ನ ಕಣ್ಣಿಗೆ ಕಂಡ ತಲೆ ಲೆನ್ಸಿಗೆ ಕಾಣುವುದಿಲ್ಲ. ಅಮ್ಮ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ದುಡ್ಡು ಬೇರೆ ಕೊಟ್ಯೇನೋ?"

ಆಮೇಲೆ ಹಿಡಿಂಬೇಶ್ವರದ ಮುಂದಿನ ಫೋಟೊ ಮಾತ್ರ ತೆಗೆದು ಪಕ್ಕಕ್ಕಿಟ್ಟುಕೊಂಡರು. ಸೀರೆಯ ಬಣ್ಣ ಚೆನ್ನಾಗಿ ಬಂದಿದೆಯಂತೆ.