ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರಿನ ಮೋಟಾರು: ಕೆಟ್ಟದ್ದು ಬೇರಿಂಗ್, ಸಿಗಬೇಕಾದದ್ದು ರೋಟರ್

ಮಲ್ಪೆಯ ನಮ್ಮ ಮನೆಯಲ್ಲಿ ಕೆಲವು ಮಳೆಗಾಲಗಳನ್ನು ಕಂಡಿದ್ದ ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರಿನ ಸದ್ದು ಮೊದಲು ಬದಲಾಯಿತು, ಆಮೇಲೆ ಅದು ನಿಂತಿತು. ತೆಳ್ಳಗಿನ ಸಿಳ್ಳಿನಂತಿದ್ದ ಧ್ವನಿಯ ಅಡಿಯಲ್ಲಿ ಮರಳು ಅರೆಯುವಂತಹ ಒರಟು ಸದ್ದೊಂದು ಸೇರಿಕೊಂಡಿತ್ತು. ಕೊನೆಗೆ ಸ್ವಿಚ್ ಒತ್ತಿದರೆ ಮೋಟಾರು ಕ್ಷಣಕಾಲ ಮಿಸುಕಿ, ಮತ್ತೆ ಮತ್ತೆ ಪ್ರಯತ್ನಿಸಿ, ಕೆಂಪು ದೀಪ ಮಿನುಗಿಸಿ ಸುಮ್ಮನಾಗುತ್ತಿತ್ತು. ಸರ್ವಿಸ್ ಕೇಂದ್ರದವರು ಬಿಚ್ಚಿ ನೋಡದೆಯೇ ಇಡೀ ಮೋಟಾರು ಬದಲಿಸಬೇಕು ಎಂದರು. ಬದಲಿಸುವುದಕ್ಕೆ ನನ್ನ ಆಕ್ಷೇಪವಿರಲಿಲ್ಲ, ಆದರೆ ಕೆಟ್ಟಿರುವುದು ಯಾವ ಭಾಗ ಎಂದು ತಿಳಿಯದೆ ಸುಮ್ಮನಿರಲು ಮನಸ್ಸಾಗಲಿಲ್ಲ. ಹೊಸ ಮೋಟಾರನ್ನು ತರಿಸಿ ಹಾಕಿಸಿಕೊಂಡು, ಹಳೆಯದನ್ನು ಮನೆಗೆ ತಂದು ಮೇಜಿನ ಮೇಲೆ ಬಿಚ್ಚಿದೆ.

ಇಂತಹ ಯಂತ್ರವನ್ನು ಸ್ವತಃ ಬಿಚ್ಚುವವರು ಮೊದಲು ಬ್ಯಾಟರಿಯನ್ನು ಕಳಚಿ ದೂರ ಇಡಬೇಕು. ಒಳಗೆ ಏಳು ಲಿಥಿಯಂ ಸೆಲ್‌ಗಳು ಸರಣಿಯಲ್ಲಿದ್ದರೆ ಪೂರ್ತಿ ಚಾರ್ಜ್ ಆದಾಗ 29.4 ವೋಲ್ಟ್ ಇರುತ್ತದೆ. ಇದು ಶಾಕ್ ಹೊಡೆಯುವಷ್ಟು ಹೆಚ್ಚಲ್ಲದಿದ್ದರೂ ಸ್ಕ್ರೂಡ್ರೈವರಿನ ತುದಿ ಎರಡು ತಂತಿಗಳಿಗೆ ಒಟ್ಟಿಗೆ ತಗಲಿದರೆ ಕಬ್ಬಿಣ ಕರಗುವಷ್ಟು ಕರೆಂಟು ಹರಿಯುತ್ತದೆ.

ಮೋಟಾರನ್ನು ಕೈಯಲ್ಲಿ ಹಿಡಿದಾಗ ಅದರ ಗಾತ್ರವೇ ಮೊದಲು ಅಚ್ಚರಿ ಹುಟ್ಟಿಸುತ್ತದೆ. ಅಡ್ಡಳತೆ ಸುಮಾರು 50 ಮಿಲಿಮೀಟರ್, ತೂಕ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಇಷ್ಟರಿಂದ 400 ವ್ಯಾಟ್ ಹೊರಡುವುದು ಹೇಗೆ ಎಂಬುದಕ್ಕೆ ನಮ್ಮೂರಿನ ಬಾವಿಗಳ ಬಳಿ ಇರುವ ಪಂಪನ್ನು ಎದುರಿಗಿಟ್ಟು ಲೆಕ್ಕ ಹಾಕಬಹುದು. ಒಂದು ಹಾರ್ಸ್‌ಪವರಿನ ಪಂಪು, ಅಂದರೆ 746 ವ್ಯಾಟ್, ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುವಾಗ ಅದರ ಶಾಫ್ಟಿನ ಮೇಲಿನ ತಿರುಚುಬಲ, ಅಂದರೆ ಟಾರ್ಕ್, ಹತ್ತಿರ ಹತ್ತಿರ ಎರಡೂವರೆ ನ್ಯೂಟನ್-ಮೀಟರ್. ಒಂದು ಲಕ್ಷ ಸುತ್ತಿನಲ್ಲಿ 400 ವ್ಯಾಟ್ ಕೊಡುವ ಮೋಟಾರಿಗೆ ಬೇಕಾಗುವ ಟಾರ್ಕ್ 0.04 ನ್ಯೂಟನ್-ಮೀಟರಿಗಿಂತಲೂ ಕಡಿಮೆ. ಮೋಟಾರಿನ ಕಬ್ಬಿಣ ಮತ್ತು ತಾಮ್ರದ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಟಾರ್ಕೇ ಹೊರತು ವ್ಯಾಟ್ ಅಲ್ಲ. ಆದುದರಿಂದ ವೇಗ ಏರಿದಂತೆ ಅದೇ ಶಕ್ತಿ ಚಿಕ್ಕ ದೇಹದಲ್ಲಿ ಹಿಡಿಸುತ್ತದೆ. ಫ್ಯಾನಿನ ವಿಷಯದಲ್ಲಿಯೂ ಹಾಗೆಯೇ: ಅದು ಉಂಟುಮಾಡುವ ಒತ್ತಡ ರೆಕ್ಕೆಯ ಅಂಚಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸಣ್ಣ ಫ್ಯಾನಿನಿಂದ ಬಲವಾದ ಸೆಳೆತ ಬೇಕೆಂದರೆ ಅದನ್ನು ಬಹಳ ವೇಗವಾಗಿ ತಿರುಗಿಸದೆ ಬೇರೆ ದಾರಿಯಿಲ್ಲ. 2018ರಲ್ಲಿ ಡೈಸನ್ ಕಂಪನಿ ತನ್ನ ವಿ10 ಮೋಟಾರನ್ನು ತಂದಾಗ ಘೋಷಿಸಿದ ವೇಗ ನಿಮಿಷಕ್ಕೆ 1,25,000 ಸುತ್ತು. ಇಂದು ಅದಕ್ಕಿಂತ ಅಗ್ಗದ ಅನೇಕ ಯಂತ್ರಗಳೂ ಲಕ್ಷದ ಆಸುಪಾಸಿನಲ್ಲಿಯೇ ಇವೆ.

ಹೊರಗಿನ ರಬ್ಬರ್ ತೊಟ್ಟಿಲನ್ನು ಕಳಚಿ ನಾಲ್ಕು ಸ್ಕ್ರೂಗಳನ್ನು ತೆಗೆದರೆ ಹಿಂಬದಿಯ ಸರ್ಕೀಟ್ ಬೋರ್ಡು ಕಾಣುತ್ತದೆ. ಅದರ ಮೇಲೆ ಒಂದು ಪುಟ್ಟ ನಿಯಂತ್ರಕ ಚಿಪ್ಪು, ಕರೆಂಟಿನ ದಿಕ್ಕು ಬದಲಿಸುವ ನಾಲ್ಕು ಮಾಸ್‌ಫೆಟ್‌ಗಳು, ತಿರುಗುವ ಭಾಗವಾದ ರೋಟರಿನ ಅಯಸ್ಕಾಂತದ ಯಾವ ಧ್ರುವ ಎದುರಿಗಿದೆ ಎಂದು ಗುರುತಿಸುವ ಒಂದು ಹಾಲ್ ಸೆನ್ಸರ್ ಇದ್ದವು. ಇದು ಕಾರ್ಬನ್ ಬ್ರಷ್ ಇಲ್ಲದ, ಒಂದೇ ಫೇಸಿನ ಮೋಟಾರು. ರೋಟರಿಗೆ ನಾಲ್ಕು ಧ್ರುವಗಳಿರುವುದರಿಂದ ಪ್ರತಿ ಸುತ್ತಿಗೂ ಕಾಯಿಲ್‌ನ ಕರೆಂಟು ನಾಲ್ಕು ಸಲ ದಿಕ್ಕು ಬದಲಿಸಬೇಕು, ಪೂರ್ಣ ವೇಗದಲ್ಲಿ ಅದು ಸೆಕೆಂಡಿಗೆ ಆರೂವರೆ ಸಾವಿರ ಸಲಕ್ಕಿಂತ ಹೆಚ್ಚಾಗುತ್ತದೆ. ಒಂದೇ ಫೇಸಿನ ಮೋಟಾರಿಗೆ ಹುಟ್ಟಿನಿಂದಲೇ ಒಂದು ತೊಡಕಿದೆ. ರೋಟರು ಕೆಲವು ನಿರ್ದಿಷ್ಟ ಕೋನಗಳಲ್ಲಿ ನಿಂತಿದ್ದರೆ ಎಷ್ಟು ಕರೆಂಟು ಕೊಟ್ಟರೂ ತಿರುಗಿಸುವ ಬಲ ಹುಟ್ಟುವುದಿಲ್ಲ. ಇದಕ್ಕೆ ಪರಿಹಾರವಾಗಿ, ಕಾಯಿಲ್ ಸುತ್ತಿದ ಸ್ಥಿರ ಭಾಗವಾದ ಸ್ಟೇಟರಿನ ಹಲ್ಲುಗಳ ಮುಖವನ್ನು ಒಂದು ಕಡೆ ರೋಟರಿಗೆ ತುಸು ಹತ್ತಿರ, ಇನ್ನೊಂದು ಕಡೆ ತುಸು ದೂರ ಇರುವಂತೆ ಓರೆಯಾಗಿ ಕೊರೆದಿರುತ್ತಾರೆ. ಕರೆಂಟು ಇಲ್ಲದಿರುವಾಗ ಅಯಸ್ಕಾಂತವು ತಾನಾಗಿಯೇ ಆ ಹತ್ತಿರದ ಅಂಚಿನ ಕಡೆಗೆ ಸರಿದು, ಮತ್ತೆ ಹೊರಡಲು ಅನುಕೂಲವಾದ ಕೋನದಲ್ಲಿಯೇ ನಿಲ್ಲುತ್ತದೆ. ಟಾರ್ಚ್ ಹಿಡಿದು ನೋಡಿದಾಗ ಆ ಓರೆ ಬರಿಗಣ್ಣಿಗೆ ಕಂಡಿತು. ಇಷ್ಟು ಸರಳವಾದ ಉಪಾಯದಿಂದ ಇಡೀ ಮೋಟಾರು ಒಂದೇ ದಿಕ್ಕಿನಲ್ಲಿ ತಪ್ಪದೆ ಹೊರಡುವಂತೆ ಮಾಡಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಕಾಯಿಲ್ ಸುಟ್ಟಿದೆಯೇ ಎಂದು ಪರೀಕ್ಷಿಸಲು ಸಾಮಾನ್ಯ ಮಲ್ಟಿಮೀಟರ್ ಸಾಲದು, ಏಕೆಂದರೆ ದಪ್ಪ ತಂತಿಯ ಕೆಲವೇ ಸುತ್ತುಗಳಿರುವ ಈ ಕಾಯಿಲ್‌ನ ರೋಧ ಒಂದು ಓಮಿನ ಸಣ್ಣ ಅಂಶ ಮಾತ್ರ, ಮೀಟರಿನ ತಂತಿಯ ರೋಧವೇ ಅದಕ್ಕಿಂತ ಹೆಚ್ಚು. ಪವರ್ ಸಪ್ಲೈಯಿಂದ ಒಂದು ಆಂಪಿಯರನ್ನು ಸ್ಥಿರವಾಗಿ ಹರಿಸಿ ಕಾಯಿಲ್‌ನ ತುದಿಗಳಲ್ಲಿ ಎಷ್ಟು ಮಿಲಿವೋಲ್ಟ್ ಇದೆ ಎಂದು ಅಳೆದರೆ ಅಷ್ಟೇ ಮಿಲಿಓಮ್ ಎಂದು ನೇರವಾಗಿ ಓದಿಕೊಳ್ಳಬಹುದು. ನಾಲ್ಕು ಹಲ್ಲುಗಳ ಕಾಯಿಲ್‌ಗಳೂ ಒಂದೇ ಅಳತೆ ಕೊಟ್ಟವು, ಎಲ್ಲಿಯೂ ವಾರ್ನಿಷ್ ಕಪ್ಪಾಗಿರಲಿಲ್ಲ. ಆದರೂ ಖಚಿತಪಡಿಸಿಕೊಳ್ಳಲು ಉಡುಪಿಯಲ್ಲಿ ಪಂಪಿನ ಮೋಟಾರುಗಳನ್ನು ಸುತ್ತುವ ಪರಿಚಿತರೊಬ್ಬರಿಗೆ ತೋರಿಸಿದೆ. ಅವರು ಶಾಫ್ಟನ್ನು ಎರಡು ಬೆರಳಿನಿಂದ ನಿಧಾನವಾಗಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, "ವೈಂಡಿಂಗ್ ಸರಿ ಉಂಟು ಮಾರಾಯ್ರೆ, ಬೇರಿಂಗ್ ಹೋಗಿದೆ" ಎಂದರು. ಅಯಸ್ಕಾಂತದ ಸೆಳೆತದಿಂದಾಗಿ ರೋಟರು ಒಂದು ಸುತ್ತಿಗೆ ನಾಲ್ಕು ಕಡೆ ಹಿಡಿದು ಬಿಡುವುದು ಸಹಜ. ಆ ಹಿಡಿತಗಳ ನಡುವೆ ಬೆರಳಿಗೆ ಸಿಗುತ್ತಿದ್ದ ಕರಕರ ಸಹಜವಾದುದಲ್ಲ.

ಬೇರಿಂಗ್ ತಲುಪಬೇಕಾದರೆ ಮುಂದಿನ ಫ್ಯಾನನ್ನು, ಅಂದರೆ ಇಂಪೆಲ್ಲರನ್ನು, ಶಾಫ್ಟಿನಿಂದ ಕೀಳಬೇಕು. ನಿಜವಾದ ಕಷ್ಟ ಇಲ್ಲಿಯೇ ಇದೆ. 40 ಮಿಲಿಮೀಟರ್ ಅಗಲದ ಆ ಅಲ್ಯುಮಿನಿಯಂ ಇಂಪೆಲ್ಲರಿಗೆ ಸ್ಕ್ರೂ ಇಲ್ಲ, ನಟ್ಟು ಇಲ್ಲ. ಅದನ್ನು ಶಾಫ್ಟಿಗೆ ಬಿಗಿಯಾಗಿ ಒತ್ತಿ ಕೂರಿಸಿ, ಮೇಲಿಂದ ಲೋಹ ಹಿಡಿಯುವ ಅಂಟು ಹಾಕಿರುತ್ತಾರೆ. ಅಂಟು ಬಿಡಬೇಕಾದರೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕಾಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ನಿಯೋಡಿಮಿಯಂ ಅಯಸ್ಕಾಂತವಿದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿಯ ಆಚೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ಬಿಸಿ ತಡೆಯುವ ದರ್ಜೆಗಳಲ್ಲಿಯೂ ಹೆಚ್ಚಿನವು 150 ಅಥವಾ 180 ಡಿಗ್ರಿಯವರೆಗೆ ಮಾತ್ರ ಸುರಕ್ಷಿತ. ಆದುದರಿಂದ ನಾನು ಹೀಟ್ ಗನ್ ಬಳಸದೆ, ಇಂಪೆಲ್ಲರಿನ ತಳಕ್ಕೆ ಸೀಳಿದ ಉಕ್ಕಿನ ತಟ್ಟೆಯ ಆಧಾರ ಕೊಟ್ಟು, ಸಣ್ಣ ಪುಲ್ಲರಿನಿಂದ ಶಾಫ್ಟಿನ ತುದಿಯನ್ನು ನೇರವಾಗಿ ಒತ್ತುತ್ತಾ ಹೋದೆ. ಬಹಳ ಹೊತ್ತು ಏನೂ ಆಗದೆ, ಒಮ್ಮೆಲೇ 'ಟಕ್' ಎಂದು ಅಂಟು ಬಿಟ್ಟಿತು. ರೆಕ್ಕೆಗಳನ್ನು ಹಿಡಿದು ಎಳೆದರೆ ಅವು ಬಾಗುವುದು ಖಂಡಿತ, ಆಧಾರ ತಳಕ್ಕೇ ಇರಬೇಕು.

ರೋಟರನ್ನು ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲೆ ಇಟ್ಟಾಗ ಅದರ ರಚನೆ ಸ್ಪಷ್ಟವಾಯಿತು. ನಾಲ್ಕು ಮಿಲಿಮೀಟರಿನ ಶಾಫ್ಟು, ಅದರ ಸುತ್ತ ಹತ್ತು ಮಿಲಿಮೀಟರ್ ಅಡ್ಡಳತೆಯ ಅಯಸ್ಕಾಂತದ ಬಳೆ, ಬಳೆಯ ಮೇಲೆ ತೆಳುವಾದ ಲೋಹದ ತೊಡಿಗೆ, ಎರಡು ತುದಿಗಳಲ್ಲಿ ಹಿತ್ತಾಳೆಯ ಉಂಗುರಗಳು. ತೊಡಿಗೆ ಇರುವುದು ಅಂದಕ್ಕಲ್ಲ. ನಿಯೋಡಿಮಿಯಂ ಪಿಂಗಾಣಿಯ ಸ್ವಭಾವದ್ದು, ಎಳೆದರೆ ಒಡೆಯುತ್ತದೆ. ಲಕ್ಷ ಸುತ್ತಿನಲ್ಲಿ ಅದರ ಮೇಲ್ಮೈಯ ಪ್ರತಿ ಕಣವನ್ನೂ ಅದರ ತೂಕದ ಐವತ್ತು ಸಾವಿರ ಪಟ್ಟಿಗೂ ಮೀರಿದ ಬಲ ಹೊರಕ್ಕೆ ಎಳೆಯುವಾಗ ಅದನ್ನು ಹಿಡಿದಿಡುವುದು ಆ ತೊಡಿಗೆಯೇ. ಹಿತ್ತಾಳೆಯ ಉಂಗುರಗಳಲ್ಲಿ ಅಲ್ಲಲ್ಲಿ ಕೊರೆದ ಸಣ್ಣ ಕುಳಿಗಳಿದ್ದವು, ಇಂಪೆಲ್ಲರಿನ ಹಿಂಬದಿಯಲ್ಲಿಯೂ ಒಂದೆಡೆ ಹೆರೆದ ಗುರುತಿತ್ತು. ಕಾರ್ಖಾನೆಯಲ್ಲಿ ರೋಟರು, ಬೇರಿಂಗ್, ಇಂಪೆಲ್ಲರ್ ಮೂರನ್ನೂ ಜೋಡಿಸಿ, ತಿರುಗಿಸಿ, ಎಲ್ಲಿ ಭಾರ ಹೆಚ್ಚಿದೆಯೋ ಅಲ್ಲಿ ಕೊರೆದು ಸಮತೂಕಕ್ಕೆ ತಂದ ಗುರುತುಗಳಿವು.

ಮುಂದಿನ ಬೇರಿಂಗ್ ನಾಲ್ಕು ಮಿಲಿಮೀಟರ್ ಒಳ ಅಳತೆ, ಹನ್ನೊಂದು ಮಿಲಿಮೀಟರ್ ಹೊರ ಅಳತೆಯದು, ಅಂದರೆ ಅಂಗಡಿಗಳಲ್ಲಿ 694 ಎಂಬ ಸಂಖ್ಯೆಯಲ್ಲಿ ಸಿಗುವ ಗಾತ್ರ. ಆದರೆ ಒಳಗಿನ ಗುಂಡುಗಳು ಉಕ್ಕಿನವಲ್ಲ, ಗಾಢ ಬೂದು ಬಣ್ಣದ ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ನವು. ಉಕ್ಕಿನ ಅರ್ಧಕ್ಕಿಂತಲೂ ಕಡಿಮೆ ಸಾಂದ್ರತೆಯಿರುವುದರಿಂದ ತಿರುಗುವಾಗ ಅವು ಹೊರ ಉಂಗುರವನ್ನು ಅಷ್ಟು ಜೋರಾಗಿ ಒತ್ತುವುದಿಲ್ಲ. ಅದೇ ಅಳತೆಯ ಸಾಮಾನ್ಯ ಬೇರಿಂಗ್ ಹಾಕಿದರೆ ಆಗದೇ ಎಂದು ಕೇಳುವವರಿಗೆ ಉತ್ತರ ಇದು: ಅದರ ವೇಗಮಿತಿ ಲಕ್ಷಕ್ಕಿಂತ ಬಹಳ ಕೆಳಗಿರುತ್ತದೆ.

ಭೂತಗಾಜಿನ ಅಡಿಯಲ್ಲಿ ಮುಚ್ಚಳ ತೆಗೆದು ನೋಡಿದಾಗ ಗ್ರೀಸು ಗ್ರೀಸಾಗಿ ಉಳಿದಿರಲಿಲ್ಲ, ಕಂದುಗೆಂಪು ಬಣ್ಣದ ಹಿಟ್ಟಾಗಿತ್ತು. ಗುಂಡುಗಳ ಹೊಳಪು ಹಾಗೆಯೇ ಇದ್ದಿತು, ಅವು ಉರುಳುವ ಉಕ್ಕಿನ ಜಾಡು ಮಾತ್ರ ಮಂಕಾಗಿ, ಚುಕ್ಕಿ ಚುಕ್ಕಿಯಾಗಿ ತುಕ್ಕು ತಿಂದಿತ್ತು. ಹಿಟ್ಟನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಉಳಿದ ಕಣಗಳನ್ನು ಎರಡು ಗಾಜಿನ ತುಂಡುಗಳ ನಡುವೆ ಉಜ್ಜಿದಾಗ ಗಾಜಿನ ಮೇಲೆ ಗೀರು ಮೂಡಿತು. ಗಾಜನ್ನು ಗೀರುವ ಆ ಕಣಗಳು ಮರಳಿನವಿರಬಹುದು, ಜಾಡಿನಿಂದ ಸವೆದ ಗಟ್ಟಿ ಉಕ್ಕಿನವೂ ಇರಬಹುದು. ಇಷ್ಟು ವೇಗಕ್ಕೆ ಒಳ ಉಂಗುರಕ್ಕೆ ತಾಗುವ ರಬ್ಬರ್ ಮುಚ್ಚಳ ತಾಳುವುದಿಲ್ಲವಾದ್ದರಿಂದ ತಾಗದ ತಗಡಿನ ಮುಚ್ಚಳವನ್ನಷ್ಟೇ ಹಾಕಿರುತ್ತಾರೆ, ಆ ಕೂದಲೆಳೆಯ ಸಂದಿನಲ್ಲಿ ತೇವವೂ ದೂಳೂ ನುಸುಳುತ್ತವೆ. ಫಿಲ್ಟರನ್ನು ತೊಳೆದು 24 ಗಂಟೆ ಒಣಗಿಸಿ ಎಂದು ಕೈಪಿಡಿಗಳು ಹೇಳುತ್ತವೆ. ಜೋರು ಮಳೆಯ ಆಟಿ ತಿಂಗಳಲ್ಲಿ ಕರಾವಳಿಯ ಮನೆಯೊಳಗೆ ದಪ್ಪ ಬಟ್ಟೆಯೇ ದಿನವಿಡೀ ಒಣಗದಿರುವಾಗ ಮಡಿಕೆ ಮಡಿಕೆಯಾದ ಫಿಲ್ಟರು ಒಣಗುವುದೆಂತು? ಹೊರಗಿನಿಂದ ಒಣಗಿದಂತೆ ಕಂಡರೂ ಒಳಮಡಿಕೆಯ ತೇವವೆಲ್ಲ, ಸಮುದ್ರದ ಉಪ್ಪಿನೊಡನೆ, ಇದೇ ಬೇರಿಂಗಿನ ಪಕ್ಕದಿಂದ ಹಾದುಹೋಗುತ್ತದೆ. ಇಲ್ಲಿನವರು ಎರಡು ಫಿಲ್ಟರ್ ಇಟ್ಟುಕೊಂಡು, ತೊಳೆದದ್ದನ್ನು ಫ್ಯಾನಿನ ಕೆಳಗೆ ಮೂರು ದಿನವಾದರೂ ಬಿಡುವುದು ಒಳ್ಳೆಯದು.

ಹಾಗಾದರೆ ಸರಿಯಾದ ಸೆರಾಮಿಕ್ ಬೇರಿಂಗ್ ತರಿಸಿ ಕೂರಿಸಿದರೆ ಮುಗಿಯಿತೇ? ಮುಗಿಯುವುದಿಲ್ಲ. 40 ಮಿಲಿಮೀಟರಿನ ಇಂಪೆಲ್ಲರಿನ ಅಂಚು ಲಕ್ಷ ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 209 ಮೀಟರ್, ಅಂದರೆ ಗಂಟೆಗೆ 750 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆ ಅಂಚಿನಲ್ಲಿ ಒಂದು ಸಾಸಿವೆ ಕಾಳಿನಷ್ಟೂ ತೂಗದ ಒಂದೇ ಒಂದು ಮಿಲಿಗ್ರಾಂ ಹೆಚ್ಚಿದ್ದರೆ ಅದು ಶಾಫ್ಟನ್ನು 220 ಗ್ರಾಂ ತೂಕದಷ್ಟು ಬಲದಿಂದ, ಸೆಕೆಂಡಿಗೆ 1,667 ಸಲ ದಿಕ್ಕು ತಿರುಗಿಸುತ್ತಾ ಎಳೆಯುತ್ತದೆ. ಕೀಳುವ ಮುನ್ನ ಇಂಪೆಲ್ಲರಿಗೂ ಶಾಫ್ಟಿಗೂ ಮಾರ್ಕರಿನಿಂದ ಗೆರೆ ಎಳೆದಿದ್ದೆ, ಅದೇ ಕೋನದಲ್ಲಿ ಮತ್ತೆ ಕೂರಿಸಬಹುದು. ಆದರೆ ಹೊಸ ಅಂಟು ಒಂದು ಬದಿಗೆ ತುಸು ಹೆಚ್ಚು ನಿಂತರೆ ಸಾಕು, ಕಾರ್ಖಾನೆಯ ಸಮತೂಕ ಹೋಯಿತು. ಅಳೆಯುವ ಯಂತ್ರವಿಲ್ಲದೆ ಇಂತಹ ರೋಟರನ್ನು ಪೂರ್ಣ ವೇಗಕ್ಕೆ ಒಯ್ಯುವುದು ಅಪಾಯಕರ, ರೆಕ್ಕೆ ಸಿಡಿದರೆ ತಡೆಯಲು ಸುತ್ತ ಇರುವುದು ತೆಳುವಾದ ಪ್ಲಾಸ್ಟಿಕ್. ನಾನು ಅದನ್ನು ಮತ್ತೆ ಓಡಿಸಲಿಲ್ಲ.

ಇಷ್ಟು ವೇಗದ ಯಂತ್ರ ರಿಪೇರಿಗೆ ಒಗ್ಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ, ಏಕೆಂದರೆ ಇದಕ್ಕಿಂತ ವೇಗದ ಯಂತ್ರವೊಂದು ನಮ್ಮ ಜಿಲ್ಲೆಗಳಲ್ಲಿ ದಿನನಿತ್ಯ ರಿಪೇರಿಯಾಗುತ್ತಿದೆ. ಮಣಿಪಾಲ ಮತ್ತು ಮಂಗಳೂರಿನ ದಂತ ವೈದ್ಯಕೀಯ ಕಾಲೇಜುಗಳಲ್ಲಿ, ಊರೂರಿನ ಹಲ್ಲಿನ ಕ್ಲಿನಿಕ್ಕುಗಳಲ್ಲಿ ಹಲ್ಲು ಕೊರೆಯಲು ಬಳಸುವ ಏರೋಟರ್ ನಿಮಿಷಕ್ಕೆ ಮೂರರಿಂದ ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಅದರ ಬೇರಿಂಗುಗಳೂ ಸವೆಯುತ್ತವೆ. ಆದರೆ ಅಲ್ಲಿ ಯಾರೂ ಇಡೀ ಹ್ಯಾಂಡ್‌ಪೀಸನ್ನು ಎಸೆಯುವುದಿಲ್ಲ. ರೋಟರು ಮತ್ತು ಎರಡು ಬೇರಿಂಗುಗಳನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಸಮತೂಕ ಮಾಡಿದ ಕಾರ್ಟ್ರಿಜ್ ಪ್ರತ್ಯೇಕವಾಗಿ ಮಾರಾಟಕ್ಕಿರುತ್ತದೆ, ಹಿಂಬದಿಯ ಮುಚ್ಚಳ ತಿರುಗಿಸಿ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಕೆಲವೇ ನಿಮಿಷಗಳ ಕೆಲಸ.

ವ್ಯಾಕ್ಯೂಮ್ ಕ್ಲೀನರಿನಲ್ಲಿಯೂ ಬಿಡಿಭಾಗವಾಗಿ ಸಿಗಬೇಕಾದದ್ದು ಬೇರಿಂಗ್ ಅಲ್ಲ, ಇಂಪೆಲ್ಲರ್ ಸಮೇತ ಸಮತೂಕ ಮಾಡಿದ ರೋಟರ್ ಕಾರ್ಟ್ರಿಜ್. ನನ್ನ ಮೋಟಾರಿನಲ್ಲಿ ಸ್ಟೇಟರ್ ಸರಿಯಿತ್ತು, ಬೋರ್ಡ್ ಸರಿಯಿತ್ತು, ಕಾಯಿಲ್‌ನ ತಾಮ್ರ ಹೊಸದರಂತೆ ಇತ್ತು. ಕಾರ್ಟ್ರಿಜ್ ಸಿಗುವಂತಿದ್ದರೆ ಅವೆಲ್ಲ ಇನ್ನೂ ಹಲವು ವರ್ಷ ದುಡಿಯುತ್ತಿದ್ದವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದಿದೆ, ಕಂಪನಿಗಳು ಬಿಡಿಭಾಗ ಮತ್ತು ಕೈಪಿಡಿಗಳ ವಿವರವನ್ನು ಅಲ್ಲಿ ಒದಗಿಸಬೇಕೆಂಬುದು ಅದರ ಉದ್ದೇಶ. ನನ್ನ ಯಂತ್ರದ ತಯಾರಕರಿಗೆ ರೋಟರ್ ಪ್ರತ್ಯೇಕವಾಗಿ ಕೊಡಿ ಎಂದು ಬರೆದಿದ್ದೇನೆ, ಬಿಚ್ಚಿದ ಭಾಗಗಳ ಚಿತ್ರಗಳನ್ನೂ ಅಳತೆಗಳನ್ನೂ ಜೊತೆಗೆ ಕಳುಹಿಸಿದ್ದೇನೆ. ಹಳೆಯ ಸ್ಟೇಟರ್ ಮತ್ತು ಬೋರ್ಡನ್ನು ಗುಜರಿಗೆ ಹಾಕದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ.